ಬಲ ಬೇಡ, ಕ್ರಮ ಬೇಕು: ಮನೆಯಂಗಳದಲ್ಲೇ ಬೈಕ್ ಟೈರ್ ಬದಲಿಸುವ ಸೂತ್ರಗಳು

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯ ಎಂಟನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸಿನವರೆಗೆ ಬೆಳಗಿನ ಹೊತ್ತು ನಡೆದು ನೋಡಿ. ಅಡ್ಡರಸ್ತೆಗಳ ಗೇಟುಗಳ ಒಳಗೆಲ್ಲ ಎರಡು ಚಕ್ರದ ಗಾಡಿಗಳೇ. ಆಫೀಸಿಗೆ ಹೊರಟ ಸ್ಪ್ಲೆಂಡರ್, ಕಾಲೇಜಿಗೆ ಹೋಗುವ ಮಗಳ ಆಕ್ಟಿವಾ, ತಾತನ ಕಾಲದಿಂದ ಉಳಿದ ಚೇತಕ್, ಅಲ್ಲೊಂದು ಇಲ್ಲೊಂದು ಬಟ್ಟೆ ಹೊದಿಸಿ ಕಾಪಾಡಿಕೊಂಡ ಜಾವಾ. ಇವುಗಳಿಗೆ ಪೆಟ್ರೋಲ್ ಹಾಕಿಸಿ, ಒರೆಸಿ, ಆಯುಧಪೂಜೆಗೆ ಕುಂಬಳಕಾಯಿ ಒಡೆಯುವವರಲ್ಲಿ ಚಕ್ರ ಬಿಚ್ಚಿ ಒಳಗೆ ನೋಡಿದವರು ಕಡಿಮೆ.

ಪಂಕ್ಚರ್ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ನಾನು ಈ ಕೆಲಸ ಕಲಿತದ್ದೇ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. ಆದರೆ ದಿನವಿಡೀ ಸಾಲುಗಟ್ಟಿ ನಿಂತ ಗಾಡಿಗಳ ನಡುವೆ ನಿಮ್ಮ ಚಕ್ರದ ಬೇರಿಂಗ್ ತಿರುಗಿಸಿ ನೋಡಲು, ಕಡ್ಡಿಗಳನ್ನು ತಟ್ಟಿ ನೋಡಲು ಅವರಿಗೆ ಪುರುಸೊತ್ತು ಎಲ್ಲಿ? ಕಾರಿನ ಚಕ್ರಕ್ಕೆ ತಪ್ಪದೆ ಬ್ಯಾಲೆನ್ಸಿಂಗ್ ಮಾಡಿಸುವ ನಾವು ಬೈಕಿನ ವಿಷಯದಲ್ಲಿ ಆ ಮಾತನ್ನೇ ಎತ್ತುವುದಿಲ್ಲ. ಮನೆಯಲ್ಲಿ, ನಿಧಾನವಾಗಿ, ಕೈಯಾರೆ ಮಾಡಿದ ಸಲಕರಣೆಗಳಿಂದ ಟೈರ್ ಬದಲಾವಣೆ, ಬ್ಯಾಲೆನ್ಸಿಂಗ್ ಎರಡನ್ನೂ ಚೆನ್ನಾಗಿ ಮಾಡಬಹುದು. ಮುಂದಿನ ಎಲ್ಲ ಸೂತ್ರಗಳ ಬುಡದಲ್ಲಿರುವ ಮಾತು ಒಂದೇ: ಈ ಕೆಲಸದಲ್ಲಿ ಹೆಚ್ಚು ಬಲ ಬೇಕಾಯಿತು ಎಂದರೆ ಎಲ್ಲೋ ಕ್ರಮ ತಪ್ಪಿದೆ. ತಕ್ಷಣ ನಿಲ್ಲಿಸಿ, ಹಿಂದಿನ ಹೆಜ್ಜೆಗೆ ಹೋಗಿ.

1. ಸುಲಭದ ಗಾಡಿಯಿಂದ ಶುರು ಮಾಡಿ

ಮನೆಯಲ್ಲಿ ಹಳೆ ಚೇತಕ್ ಇದ್ದರೆ ನಿಮ್ಮ ಅದೃಷ್ಟ. ಅದರ 3.50-10 ಟೈರು ಕೂರುವ ರಿಮ್ ಎರಡು ಹೋಳಿನದು. ನಟ್ ಬಿಚ್ಚಿದರೆ ರಿಮ್ ಎರಡಾಗಿ ಬೇರ್ಪಡುತ್ತದೆ, ಲಿವರ್ ಮುಟ್ಟದೆ ಟೈರು ಹೊರಗೆ ಬರುತ್ತದೆ. ಇದರಲ್ಲಿ ಒಂದೇ ಒಂದು ಅಪಾಯವಿದೆ, ಅದು ದೊಡ್ಡದು: ಹೋಳುಗಳನ್ನು ಹಿಡಿದಿರುವ ನಟ್‌ಗಳಿಗೆ ಪಾನ ಹಾಕುವ ಮೊದಲು ಗಾಳಿ ಪೂರ್ತಿ ಬಿಡಲೇಬೇಕು. ವಾಲ್ವಿನ ಒಳಪಿನ್ ತೆಗೆದು, ಟೈರನ್ನು ಕೈಯಿಂದ ಅಮುಕಿ, ಮೆತ್ತಗಾಗಿದೆ ಎಂದು ಖಚಿತವಾದ ಮೇಲೆಯೇ ಮುಂದಿನ ಕೆಲಸ. ಗಾಳಿ ತುಂಬಿರುವಾಗ ಆ ನಟ್ ಸಡಿಲಿಸಿದರೆ ರಿಮ್ಮಿನ ಹೋಳು ಮುಖಕ್ಕೆ ಸಿಡಿಯುತ್ತದೆ.

ಎರಡನೆಯ ಪಾಠ ಕಡ್ಡಿ ಚಕ್ರದ, ಟ್ಯೂಬ್ ಇರುವ ಬೈಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರು ಕೊನೆಗಿರಲಿ. ಆಕ್ಟಿವಾದಂಥ ಸ್ಕೂಟರಿನ ಹಿಂಚಕ್ರಕ್ಕೆ ಕೈ ಹಾಕುವ ಮುನ್ನ ಸೈಲೆನ್ಸರ್ ಬಿಚ್ಚಬೇಕು, ರಿಮ್ ಚಿಕ್ಕದಾದ್ದರಿಂದ ಟೈರೂ ಮೊಂಡು. ಕೈ ಪಳಗದ ಹೊರತು ಅದರ ತಂಟೆ ಬೇಡ.

2. ಕೊಳ್ಳುವ ಮೊದಲು ಟೈರಿನ ಮೈ ಓದಿ

ಜೆ.ಸಿ. ರಸ್ತೆಯ ಅಂಗಡಿಯಲ್ಲಾಗಲಿ, ಮನೆಯ ಹತ್ತಿರದ ಅಂಗಡಿಯಲ್ಲಾಗಲಿ, ಟೈರನ್ನು ಬೆಳಕಿಗೆ ತಂದು ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ. 100/90-18 56ಪಿ ಎಂದಿದ್ದರೆ ಅಗಲ 100 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ. 90, ರಿಮ್ಮಿನ ಅಡ್ಡಳತೆ 18 ಇಂಚು. 56 ಎಂಬುದು ಹೊರುವ ಭಾರದ ಸಂಕೇತ, ಅಂದರೆ 224 ಕೆಜಿ. ‘ಪಿ’ ಎಂದರೆ ಗಂಟೆಗೆ 150 ಕಿ.ಮೀ. ತನಕದ ವೇಗ. ಬೇರೆ ಕಡೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಹಳೆ ಸ್ಟಾಕನ್ನು ಹೊಸ ಬೆಲೆಗೆ ತರಬೇಡಿ. ರಬ್ಬರ್ ಗಟ್ಟಿಯಾದಷ್ಟೂ ಏರಿಸುವುದು ಕಷ್ಟ, ಮಳೆಯಲ್ಲಿ ಹಿಡಿತವೂ ಕಡಿಮೆ.

ಬದಲಿಸುವ ಸಮಯ ಬಂತೇ ಎಂಬುದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಳತೆ ಇದೆ: ದ್ವಿಚಕ್ರಕ್ಕೆ ಗೀರಿನ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಕೂಡದು. ಗೀರಿನೊಳಗೆ ಅಲ್ಲಲ್ಲಿ ಎದ್ದಿರುವ ಸಣ್ಣ ದಿಬ್ಬಗಳು ಟೈರಿನ ಮೇಲ್ಮೈಗೆ ಸಮನಾದವು ಎಂದರೆ ಟೈರಿನ ಆಯುಸ್ಸು ಮುಗಿಯಿತು. ನನ್ನ ಕೇಳಿದರೆ ಅಲ್ಲಿಯವರೆಗೂ ಕಾಯಬೇಡಿ. ಜೂನ್ ಮಳೆ ಹಿಡಿಯುವ ಮುನ್ನವೇ ಬದಲಿಸಿ.

3. ಲಿವರ್ ಮಾತ್ರ ಕೊಳ್ಳಿ, ಉಳಿದದ್ದು ಮಾಡಿಕೊಳ್ಳಿ

ಎರಡು ಒಳ್ಳೆಯ ಟೈರ್ ಲಿವರ್, ಸಾಧ್ಯವಾದರೆ ಮೂರು. ತಂದ ದಿನವೇ ಅವುಗಳ ತುದಿಯನ್ನು ಅರದಿಂದ ಉಜ್ಜಿ, ಎಮರಿ ಕಾಗದದಿಂದ ನುಣುಪು ಮಾಡಿ. ತುದಿಯ ಮೇಲೆ ಬೆರಳು ಎಳೆದರೆ ಎಲ್ಲೂ ತರಚಬಾರದು. ಟ್ಯೂಬ್ ಕಚ್ಚಿ ಹೊಸ ಪಂಕ್ಚರ್ ಆಗುವುದು ಬಹಳ ಸಲ ಈ ಚೂಪು ಅಂಚಿನಿಂದಲೇ. ಸ್ಕ್ರೂಡ್ರೈವರನ್ನು ಈ ಕೆಲಸಕ್ಕೆ ಎಂದೂ ಬಳಸಬೇಡಿ.

ರಿಮ್ ತರಚದಂತೆ ಕಾಪಾಡಲು ಎಂಜಿನ್ ಆಯಿಲಿನ ಖಾಲಿ ಡಬ್ಬ ಸಾಕು. ಅದರ ಗೋಡೆಯನ್ನು ಅಂಗೈಯಗಲದ ಪಟ್ಟಿಗಳಾಗಿ ಕತ್ತರಿಸಿ, ನಡುವೆ ಮಡಿಸಿ ರಿಮ್ಮಿನ ಅಂಚಿಗೆ ಸಿಕ್ಕಿಸಿ. ಗಿಡಕ್ಕೆ ನೀರು ಹಾಕುವ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿದರೂ ಆದೀತು.

ಇನ್ನು ಬೀಡ್ ಬಿಡಿಸುವ ಸಲಕರಣೆ. ಬೀಡ್ ಎಂದರೆ ರಿಮ್ಮಿಗೆ ಕಚ್ಚಿಕೊಂಡು ಕೂರುವ ಟೈರಿನ ಒಳಅಂಚು. ವರ್ಷಗಳ ಕಾಲ ಅಲ್ಲೇ ಕೂತದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೂರಡಿ ಉದ್ದದ ದಪ್ಪ ಹಲಗೆಯೊಂದನ್ನು ನೆಲಕ್ಕೆ ಹಾಸಿ. ಅದರ ಒಂದು ತುದಿಗೆ ಒಂದಡಿ ಎತ್ತರದ ಗೂಟವನ್ನು ಬೋಲ್ಟ್ ಹಾಕಿ ಬಿಗಿಯಿರಿ. ಗೂಟದ ತಲೆಗೆ ಐದಡಿ ಉದ್ದದ ನಾಲ್ಕಿಂಚು-ಎರಡಿಂಚಿನ ಮರದ ತುಂಡನ್ನು ಒಂದೇ ಬೋಲ್ಟಿನಿಂದ, ಮೇಲೆ ಕೆಳಗೆ ಆಡುವಂತೆ ಜೋಡಿಸಿ. ಗೂಟದಿಂದ ಒಂದಡಿ ದೂರದಲ್ಲಿ ಆ ಮರಕ್ಕೆ ಒಂದು ಮರದ ‘ಪಾದ’ ತೂಗುಬಿಡಿ. ಪಾದದ ಕೆಳತುದಿಯನ್ನು ಉಳಿಯಿಂದ ಓರೆಗೆ ಕೆತ್ತಿರಬೇಕು, ಚೂಪಾಗಿರಬಾರದು. ಚಕ್ರವನ್ನು ಹಲಗೆಯ ಮೇಲೆ ಮಲಗಿಸಿ, ಪಾದವನ್ನು ರಿಮ್ಮಿನ ಅಂಚಿಗೆ ಒತ್ತಾಗಿ ರಬ್ಬರಿನ ಮೇಲಿಟ್ಟು, ಮರದ ತುದಿಯನ್ನು ಕೆಳಕ್ಕೆ ಒತ್ತಿ. ನೀವು 20 ಕೆಜಿಯಷ್ಟು ಭಾರ ಬಿಟ್ಟರೆ ಪಾದದ ಅಡಿಯಲ್ಲಿ ಸುಮಾರು 100 ಕೆಜಿ ಬೀಳುತ್ತದೆ. ಇದನ್ನು ಮಾಡಿಕೊಳ್ಳಲು ಬೇಕಾದ ಮರ ಯಾವುದಾದರೂ ಹಳೆ ಮನೆ ಕೆಡವುವಲ್ಲಿ ಸಿಗುತ್ತದೆ. ಮಲ್ಲೇಶ್ವರದಲ್ಲಿ ಅದಕ್ಕೀಗ ಬರವಿಲ್ಲ ಎನ್ನುವುದು ಬೇಸರದ ಸಂಗತಿಯಾದರೂ ನಿಜ.

ಅಪಾರ್ಟ್‌ಮೆಂಟಿನಲ್ಲಿದ್ದು ಇಷ್ಟು ಜಾಗವಿಲ್ಲದವರಿಗೆ ಬಡಗಿಗಳು ಬಳಸುವ ದೊಡ್ಡ ಸಿ-ಕ್ಲಾಂಪ್ ಸಾಕು. ಎರಡೂ ಕಡೆ ಮರದ ಚೂರಿಟ್ಟು ಸ್ಕ್ರೂ ತಿರುಗಿಸುತ್ತ ಹೋದರೆ ಸದ್ದಿಲ್ಲದೆ ಬೀಡ್ ಬಿಡುತ್ತದೆ.

4. ಹೊಸ ಟೈರನ್ನು ಬಿಸಿಲಿಗಿಡಿ

ತಾರಸಿಯ ಮೇಲೆ ಒಂದು ಗಂಟೆ. ಬಿಸಿಯಾದ ರಬ್ಬರ್ ಬಾಗುತ್ತದೆ, ತಣ್ಣಗಿನದು ಹಟ ಮಾಡುತ್ತದೆ. ಡಿಸೆಂಬರಿನ ಮಂಜಿನ ಬೆಳಗ್ಗೆ ಈ ಕೆಲಸಕ್ಕೆ ಕೂರಬೇಡಿ. ಮಧ್ಯಾಹ್ನ ಊಟವಾದ ಮೇಲೆ ಕೂತರೆ ಅರ್ಧ ಶ್ರಮ ಉಳಿಯುತ್ತದೆ.

5. ಬಿಚ್ಚುವ ಮುನ್ನ ಫೋಟೊ ತೆಗೆದುಕೊಳ್ಳಿ

ಮೊಬೈಲಿನಲ್ಲಿ ಎರಡೂ ಬದಿಯ ಚಿತ್ರ. ಯಾವ ವಾಷರ್ ಎಲ್ಲಿತ್ತು, ಯಾವ ಬುಷ್ ಯಾವ ಕಡೆ, ಚೈನ್ ಅಡ್ಜಸ್ಟರಿನ ಗೀಟು ಎಷ್ಟನೆಯದಕ್ಕೆ ನಿಂತಿತ್ತು, ಎಲ್ಲಕ್ಕೂ ಅದೇ ಸಾಕ್ಷಿ. ಬಿಚ್ಚಿದ ಸಾಮಾನನ್ನು ಊಟದ ತಟ್ಟೆಯೊಂದರಲ್ಲಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ.

ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಸ್ಟ್ಯಾಂಡ್ ಮಡಚಿಕೊಳ್ಳದಂತೆ ಹಗ್ಗದಿಂದ ಕಟ್ಟಿ. ಹಿಂಚಕ್ರಕ್ಕೆ ಡ್ರಮ್ ಬ್ರೇಕ್ ಇದ್ದರೆ ಬ್ರೇಕ್ ಪ್ಲೇಟನ್ನು ಹಿಡಿದಿರುವ ಸರಳು, ಅದರ ಸ್ಪ್ಲಿಟ್ ಪಿನ್ ನೆನಪಿರಲಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಬಂದ ಕೂಡಲೇ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ಯಾರಾದರೂ ಬಂದು ಬ್ರೇಕ್ ಹಿಡಿದು ನೋಡಿದಾಗ ಪಿಸ್ಟನ್ ಮುಂದೆ ಬಂದು ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ಚಕ್ರ ಮಲಗಿಸುವಾಗ ಡಿಸ್ಕ್ ಮೇಲ್ಮುಖವಾಗಿರಲಿ, ಚಕ್ರದ ಭಾರ ಅದರ ಮೇಲೆ ಬೀಳಕೂಡದು.

ಜಾವಾ ಇಟ್ಟುಕೊಂಡವರಿಗೆ ಇಲ್ಲಿ ಒಂದು ಸೌಲಭ್ಯವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸಿದ ಆ ಗಾಡಿಯ ಹಿಂಚಕ್ರ ಕಳಚಿದಾಗ ಚೈನು, ಹಲ್ಲುಚಕ್ರ ಎರಡೂ ಗಾಡಿಯಲ್ಲೇ ಉಳಿಯುತ್ತವೆ. ಕೈಗೆ ಗ್ರೀಸ್ ಹತ್ತದೆ ಚಕ್ರ ಹೊರಗೆ ಬರುವ ಆ ಏರ್ಪಾಟನ್ನು ನೋಡಿದಾಗಲೆಲ್ಲ ಮಾಡಿದವರ ಮೇಲೆ ಅಕ್ಕರೆ ಉಕ್ಕುತ್ತದೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇಂದಿಗೂ ಓಡುತ್ತಿವೆ. ಪ್ರತಿ ಜುಲೈ ಎರಡನೇ ಭಾನುವಾರದ ಜಾವಾ ದಿನಕ್ಕೆ ಬೆಂಗಳೂರಿನಲ್ಲಿ ಸೇರುವ ಸಾಲು ನೋಡಿದರೆ ತಿಳಿದೀತು.

6. ರಿಮ್ಮಿನ ನಡುವಿನ ಹಳ್ಳವೇ ನಿಮ್ಮ ಬಂಟ

ಈ ಒಂದು ಸೂತ್ರ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಹಾಗಾಗಿ ಇಲ್ಲಿ ತುಸು ನಿಲ್ಲೋಣ.

ಬೀಡಿನ ಒಳಗೆ ಉಕ್ಕಿನ ತಂತಿಯ ಬಳೆ ಇದೆ. ರಬ್ಬರ್ ಹಿಗ್ಗಬಹುದು, ಆ ಬಳೆ ಹಿಗ್ಗುವುದಿಲ್ಲ. ರಿಮ್ಮಿನ ಅಂಚು ಬೀಡ್ ಕೂರುವ ಜಾಗಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರಕ್ಕಿದೆ, ಅದೂ ಸುತ್ತಲೂ. ಅಂದ ಮೇಲೆ ಹಿಗ್ಗದ ಬಳೆ ತನಗಿಂತ ದೊಡ್ಡದಾದ ಅಂಚನ್ನು ದಾಟುವುದು ಹೇಗೆ? ರಿಮ್ಮಿನ ನಟ್ಟನಡುವೆ, ಕಡ್ಡಿಗಳು ಬಂದು ಸೇರುವಲ್ಲಿ, ಸುತ್ತಲೂ ಒಂದು ಹಳ್ಳ ಇದೆ. ಬೀಡಿನ ಒಂದು ಬದಿಯನ್ನು ಆ ಹಳ್ಳಕ್ಕೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ, ಬಳೆ ಓರೆಯಾಗಿ ಅಂಚು ದಾಟುತ್ತದೆ. ತಂತಿಯ ಬೀಡು ಮತ್ತು ಹಳ್ಳವಿರುವ ರಿಮ್ಮಿನ ಈ ಜೋಡಿಗೆ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ 1890ರಲ್ಲಿ ಪೇಟೆಂಟ್ ಪಡೆದ. ಗಾಳಿ ತುಂಬಿದ ಸೈಕಲ್ ಟೈರನ್ನು ಡನ್‌ಲಪ್ ರೂಪಿಸಿ ಆಗ ಎರಡೇ ವರ್ಷ. ಮಲ್ಲೇಶ್ವರ ಬಡಾವಣೆ ಮೈದಳೆಯುತ್ತಿದ್ದ ದಶಕದ ಆ ಉಪಾಯ ಇಂದಿನ ಬೈಕಿನಲ್ಲೂ ಹಾಗೇ ಇದೆ.

ಲಿವರ್ ಹಾಕಿದ ಕಡೆ ಕಣ್ಣು ನೆಡುವುದು ಕಲಿಯುವವರ ಸಹಜ ಅಭ್ಯಾಸ. ಕೆಲಸ ನಡೆಯುವುದು ಎದುರು ಬದಿಯಲ್ಲಿ. ಯಶವಂತಪುರದ ಕಡೆಯ ಒಬ್ಬ ಪಂಕ್ಚರ್ ಅಂಗಡಿಯವರು ನನಗೆ ಹೇಳಿಕೊಟ್ಟದ್ದು ಇಷ್ಟೇ: “ಸಾರ್, ಕೈಗೆ ಬಲ ಕೊಡ್ಬೇಡಿ. ಆ ಕಡೆ ಮೊಣಕಾಲು ಊರಿ. ಈ ಕಡೆ ಟೈರೇ ಬರುತ್ತೆ.” ಎರಡು ಮೊಣಕಾಲೂ ಎದುರು ಬದಿಯ ಬೀಡನ್ನು ಹಳ್ಳಕ್ಕೆ ಒತ್ತಿ ಹಿಡಿದಿರಬೇಕು. ಕೈಗಳು ಇತ್ತ ಲಿವರಿನಿಂದ ಸ್ವಲ್ಪ ಸ್ವಲ್ಪವೇ, ಒಂದು ಸಲಕ್ಕೆ ಎರಡು ಬೆರಳಗಲದಷ್ಟೇ ಎತ್ತುತ್ತ ಹೋಗಬೇಕು. ಲಿವರ್ ಬಾಗುವಷ್ಟು ಎಳೆಯಬೇಕಾದರೆ ಎದುರು ಬದಿ ಹಳ್ಳದಿಂದ ಮೇಲೆದ್ದಿದೆ ಎಂದೇ ಅರ್ಥ.

7. ಸೋಪು ನೀರಿನಲ್ಲಿ ಜಿಪುಣತನ ಬೇಡ

ಬಾರ್ ಸೋಪನ್ನು ತುರಿದು ಗಟ್ಟಿಯಾಗಿ ಕಲಸಿ, ಹಳೆ ಪೇಂಟ್ ಬ್ರಶ್ಶಿನಿಂದ ಬೀಡಿಗೂ ರಿಮ್ಮಿನ ಅಂಚಿಗೂ ಬಳಿಯಿರಿ. ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ಹಾಕಬೇಡಿ. ರಬ್ಬರನ್ನು ಕೊರೆಯುತ್ತವೆ, ಮುಂದೆ ಬ್ರೇಕ್ ಹಿಡಿದಾಗ ರಿಮ್ ಟೈರಿನೊಳಗೆ ಜಾರುತ್ತದೆ.

ಬಿಚ್ಚುವಾಗ ವಾಲ್ವಿನ ಹತ್ತಿರದಿಂದ ಶುರು. ಏರಿಸುವಾಗ ವಾಲ್ವಿನ ಎದುರಿನಿಂದ ಶುರು ಮಾಡಿ ವಾಲ್ವಿನ ಬಳಿ ಮುಗಿಸಿ. ವಾಲ್ವ್ ಇರುವಲ್ಲಿ ಟ್ಯೂಬಿನ ದಪ್ಪ ಬುಡ ಅಡ್ಡ ಬಂದು ಬೀಡ್ ಹಳ್ಳಕ್ಕೆ ಇಳಿಯುವುದಿಲ್ಲ, ಹಾಗಾಗಿ.

8. ಚಕ್ರ ಬೆತ್ತಲಾಗಿರುವಾಗ ನೋಡಬೇಕಾದದ್ದನ್ನು ನೋಡಿ

ಮನೆಯಲ್ಲಿ ಈ ಕೆಲಸ ಮಾಡುವುದರ ನಿಜವಾದ ಲಾಭ ಇಲ್ಲಿದೆ. ಹಳೆ ಟೈರನ್ನೇ ಮತ್ತೆ ಹಾಕುವುದಾದರೆ ಒಳಗೋಡೆಯನ್ನು ದಪ್ಪ ಬಟ್ಟೆಯಿಂದ ಒರೆಸುತ್ತ ಬನ್ನಿ. ಮೊಳೆಯ ತುದಿ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಹೊರವರ್ತುಲ ರಸ್ತೆಯಲ್ಲಿ ಆಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆಯ್ದ ಸಾಫ್ಟ್‌ವೇರ್ ಉದ್ಯೋಗಿಯ ಸುದ್ದಿ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಟ್ಯೂಬಿಗೆ ಪ್ಯಾಚ್ ಹಾಕಿ ಮೊಳೆಯನ್ನು ಟೈರಿನಲ್ಲೇ ಬಿಟ್ಟರೆ ಏನು ಬಂತು?

ಕಡ್ಡಿ ಚಕ್ರವಾದರೆ ಒಂದೊಂದು ಕಡ್ಡಿಯನ್ನೂ ಸಣ್ಣ ಪಾನದಿಂದ ತಟ್ಟಿ. ಶ್ರುತಿ ಸೇರಿದ ತಂಬೂರಿಯ ನಡುವಿನ ಜೋಡಿ ತಂತಿಗಳಂತೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ನುಡಿಯಬೇಕು. ‘ಟಪ್’ ಎಂದು ಸತ್ತ ಸದ್ದು ಬಂದದ್ದು ಸಡಿಲವಾದ ಕಡ್ಡಿ. ಕಡ್ಡಿಯ ತಲೆಗಳ ಮೇಲೆ ಹಾಯುವ ರಬ್ಬರ್ ಪಟ್ಟಿ ಹರಿದಿದ್ದರೆ ಹೊಸದು ಹಾಕಿ, ಅದಕ್ಕಾಗುವ ಖರ್ಚು ತೀರಾ ಕಡಿಮೆ. ಬೇರಿಂಗಿಗೆ ಬೆರಳು ತೂರಿಸಿ ತಿರುಗಿಸಿ. ಕರಕರ ಎಂದರೆ, ಒರಟಾಗಿ ತಡೆದರೆ, ಬದಲಿಸುವ ಹೊತ್ತು. ಬ್ರೇಕ್ ಶೂ ಎಷ್ಟು ಸವೆದಿದೆ ಎಂಬುದನ್ನೂ ಆಗಲೇ ನೋಡಿ. ರಿಮ್ಮಿನೊಳಗೆ ತುಕ್ಕು ಹಿಡಿದಿದ್ದರೆ ಉಜ್ಜಿ, ಬಣ್ಣ ಹಚ್ಚಿ, ಒಣಗಲು ಬಿಡಿ. ಗಾಡಿ ಒಂದು ರಾತ್ರಿ ಚಕ್ರವಿಲ್ಲದೆ ನಿಂತರೆ ಏನೂ ನಷ್ಟವಿಲ್ಲ.

9. ಟ್ಯೂಬಿಗೆ ಪೌಡರ್ ಹಾಕಿ, ಉಸಿರಷ್ಟು ಗಾಳಿ ಹಿಡಿಸಿ

ಮನೆಯಲ್ಲಿರುವ ಟಾಲ್ಕಂ ಪೌಡರನ್ನು ಟೈರಿನ ಒಳಗೂ ಟ್ಯೂಬಿನ ಮೇಲೂ ಸವರಿ. ಟ್ಯೂಬ್ ದುಂಡಗೆ ಆಕಾರ ಹಿಡಿಯುವಷ್ಟು ಮಾತ್ರ ಗಾಳಿ ಹಾಕಿ; ಮಡಿಕೆ ಬೀಳುವುದಿಲ್ಲ, ಲಿವರಿಗೂ ಸಿಕ್ಕುವುದಿಲ್ಲ. ಟೈರಿನ ಪಕ್ಕದ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೇ ಇದೆಯೇ ಎಂದು ಏರಿಸುವ ಮೊದಲೇ ನೋಡಿ. ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲೆ, ಕ್ಯಾಪಿನ ಹತ್ತಿರ ಬಿಡಿ. ಟ್ಯೂಬ್ ಒಳಗೊಳಗೇ ಜರುಗಿದರೆ ವಾಲ್ವ್ ಓರೆಯಾಗಿ ನಿಂತು ತಿಳಿಸುತ್ತದೆ; ಬಿಗಿದಿದ್ದರೆ ವಾಲ್ವ್ ಬುಡದಲ್ಲೇ ಹರಿಯುತ್ತದೆ.

ಕಡ್ಡಿ ರಿಮ್ಮಿಗೆ ಟ್ಯೂಬಿಲ್ಲದೆ ಟೈರ್ ಹಾಕುವ ಸಾಹಸ ಬೇಡ. ಸಾಮಾನ್ಯ ರಿಮ್ಮಿನಲ್ಲಿ ಪ್ರತಿ ಕಡ್ಡಿಗೂ ಒಂದು ತೂತಿದೆ.

ಟ್ಯೂಬ್‌ಲೆಸ್ ಟೈರಿಗೆ ಇನ್ನೊಂದು ಜಾಣ ವಿಧಾನವಿದೆ: ಉದ್ದದ ಕೇಬಲ್ ಟೈಗಳನ್ನು ಟೈರಿನ ಸುತ್ತ ಐದಾರು ಕಡೆ ಹಾಕಿ ಎರಡು ಬೀಡೂ ಒಂದಕ್ಕೊಂದು ಅಂಟುವಷ್ಟು ಬಿಗಿಯಿರಿ. ಆಗ ಎರಡನ್ನೂ ಒಂದೇ ಏಟಿಗೆ ರಿಮ್ಮಿನ ಮೇಲೆ ತಳ್ಳಬಹುದು, ಆಮೇಲೆ ಟೈಗಳನ್ನು ಕತ್ತರಿಸಿ ಎಳೆದುಕೊಳ್ಳಿ. ಅಂಥ ಚಕ್ರಕ್ಕೆ ಟೈರಿನ ಜೊತೆ ವಾಲ್ವನ್ನೂ ಹೊಸದು ಹಾಕಿ.

10. ಗಾಳಿ ತುಂಬುವಾಗ ಮುಖ ದೂರವಿರಲಿ

ಟೈರಿನ ಗೋಡೆಯ ಮೇಲೆ, ರಿಮ್ಮಿಗೆ ಹತ್ತಿರವಾಗಿ, ಸುತ್ತಲೂ ಒಂದು ತೆಳು ಗೆರೆ ಇರುತ್ತದೆ. ಬೀಡ್ ಸರಿಯಾಗಿ ಕೂತಾಗ ಆ ಗೆರೆ ರಿಮ್ಮಿನ ಅಂಚಿನಿಂದ ಎಲ್ಲ ಕಡೆ ಸಮದೂರದಲ್ಲಿ ಕಾಣಬೇಕು. ಎಲ್ಲೋ ಒಂದೆಡೆ ಒಳಕ್ಕೆ ಮುಳುಗಿದ್ದರೆ ಗಾಳಿ ಬಿಟ್ಟು, ಅಲ್ಲಿ ಸೋಪು ನೀರು ಹಾಕಿ, ಮತ್ತೆ ತುಂಬಿ. ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಟೈರಿನ ಮೇಲೆ ಬರೆದ ಮಿತಿ ದಾಟಿ ಒತ್ತಡ ಏರಿಸಬೇಡಿ.

ಟ್ಯೂಬ್‌ಲೆಸ್ ಟೈರು ಗಾಳಿಯನ್ನೇ ಹಿಡಿಯದೆ ಎರಡೂ ಕಡೆಯಿಂದ ಬುಸ್ ಎಂದು ಬಿಟ್ಟರೆ, ಟೈರಿನ ಬೆನ್ನಿನ ಸುತ್ತ ಗಟ್ಟಿ ಹಗ್ಗ ಸುತ್ತಿ, ಕೋಲು ತೂರಿಸಿ ತಿರುಚಿ. ಬೆನ್ನು ಒಳಕ್ಕೆ ಅಮುಕಿದಾಗ ಬೀಡುಗಳು ಅಗಲಿ ರಿಮ್ಮಿಗೆ ತಾಗುತ್ತವೆ. ವಾಲ್ವಿನ ಒಳಪಿನ್ ತೆಗೆದು ತುಂಬಿದರೆ ಗಾಳಿ ರಭಸವಾಗಿ ನುಗ್ಗಿ ಕೂರಿಸುತ್ತದೆ. ಬೀಡುಗಳು ಹಿಡಿದ ಕೂಡಲೇ ಹಗ್ಗ ಸಡಿಲಿಸಿ, ಆಮೇಲೆ ಉಳಿದ ಗಾಳಿ. ಪೆಟ್ರೋಲ್ ಅಥವಾ ಸ್ಪ್ರೇ ಹಾಕಿ ಬೆಂಕಿ ಹಚ್ಚಿ ‘ಢಂ’ ಎಂದು ಕೂರಿಸುವ ವಿಡಿಯೊಗಳನ್ನು ನೋಡಿ ಯಾರೂ ಮರುಳಾಗಬೇಡಿ. ಮನೆಯಂಗಳ ಅದಕ್ಕೆ ಜಾಗವಲ್ಲ, ಯಾವ ಅಂಗಳವೂ ಅಲ್ಲ.

11. ಬ್ಯಾಲೆನ್ಸಿಂಗ್ ಸ್ಟ್ಯಾಂಡಿಗೆ ಬೇಕಾದದ್ದು ನಾಲ್ಕು ಸ್ಕೇಟಿಂಗ್ ಬೇರಿಂಗ್

ಮಕ್ಕಳ ಹಳೆ ಸ್ಕೇಟಿಂಗ್ ಷೂ ಅಟ್ಟದ ಮೇಲಿದ್ದರೆ ಇಳಿಸಿ. ಅದರೊಳಗಿನ 608 ಬೇರಿಂಗಿನ ಒಳತೂತು 8 ಮಿ.ಮೀ., ಹೊರ ಅಡ್ಡಳತೆ 22, ದಪ್ಪ 7. ಎರಡು ಹಲಗೆ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ, ಪ್ರತಿಯೊಂದರ ತಲೆಯಲ್ಲಿ ಎರಡು ಬೇರಿಂಗನ್ನು ಅಕ್ಕಪಕ್ಕ 8 ಮಿ.ಮೀ. ಬೋಲ್ಟ್ ಹಾಕಿ ಕೂರಿಸಿ. ಬೋಲ್ಟಿನಿಂದ ಬೋಲ್ಟಿಗೆ 24 ಅಥವಾ 25 ಮಿ.ಮೀ. ಅಂತರವಿದ್ದರೆ ಬೇರಿಂಗುಗಳು ಒಂದಕ್ಕೊಂದು ತಾಗುವುದಿಲ್ಲ. ಎರಡರ ನಡುವಿನ ತಗ್ಗಿನಲ್ಲಿ ಚಕ್ರದ ಆಕ್ಸಲ್ ಬಂದು ಕೂರುತ್ತದೆ. ಬೇರಿಂಗಿನ ಒಳಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಡಿ.

ಸ್ಟ್ಯಾಂಡಿನ ಎತ್ತರ ಸುಮಾರು 40 ಸೆಂಟಿಮೀಟರ್ ಇದ್ದರೆ 18 ಇಂಚಿನ ಚಕ್ರ ನೆಲಕ್ಕೆ ತಾಗದೆ ತಿರುಗುತ್ತದೆ. ಎರಡೂ ತಲೆಗಳು ಒಂದೇ ಮಟ್ಟದಲ್ಲಿವೆಯೇ ಎಂದು ರಸಮಟ್ಟ ಇಟ್ಟು ನೋಡಿ, ತಗ್ಗಿದ ಕಡೆಗೆ ಕಾಗದ ಮಡಿಸಿಡಿ.

ಇಷ್ಟೆಲ್ಲ ಯಾಕೆ, ಚಕ್ರವನ್ನು ಗಾಡಿಯಲ್ಲೇ ತಿರುಗಿಸಿ ನೋಡಬಾರದೇ? ಬಾರದು. ಚಕ್ರದ ಸ್ವಂತ ಬೇರಿಂಗಿನ ಗ್ರೀಸು, ಅದರ ರಬ್ಬರ್ ಸೀಲು, ಬ್ರೇಕಿನ ಸೋಕು ಎಲ್ಲ ಸೇರಿ ಸಣ್ಣ ತೂಕದ ವ್ಯತ್ಯಾಸವನ್ನು ನುಂಗಿಹಾಕುತ್ತವೆ. ಈ ಸ್ಟ್ಯಾಂಡಿನಲ್ಲಿ ಆಕ್ಸಲ್ ಚಕ್ರದ ಜೊತೆಗೇ ತಿರುಗುವುದರಿಂದ ಒಳಗಿನ ಬಿಗಿ ಅಡ್ಡ ಬರುವುದಿಲ್ಲ. ಐದು ಗ್ರಾಂ ಕೂಡ ತೋರುತ್ತದೆ. ಆಕ್ಸಲ್ ಗಿಡ್ಡವಿದ್ದರೆ ಅದೇ ದಪ್ಪದ ನೇರವಾದ ಉಕ್ಕಿನ ಸರಳನ್ನು ಲೇತ್ ಅಂಗಡಿಯಲ್ಲಿ ಕತ್ತರಿಸಿಕೊಳ್ಳಿ. ಪೀಣ್ಯಕ್ಕೆ ಹೋದರೆ ಇಂಥದ್ದು ಸಿಗದೆ ಇರುವುದಿಲ್ಲ.

ಇದೇ ಸ್ಟ್ಯಾಂಡಿಗೆ ಒಂದು ಪೆನ್ಸಿಲ್ ಕಟ್ಟಿ, ತುದಿಯನ್ನು ರಿಮ್ಮಿನ ಅಂಚಿನ ಪಕ್ಕಕ್ಕೆ ತಂದರೆ ರಿಮ್ ಎಷ್ಟು ಡೊಂಕಿದೆ ಎಂಬುದೂ ಗೊತ್ತಾಗುತ್ತದೆ. 2 ಮಿ.ಮೀ. ದಾಟಿದ ಓಲಾಟವನ್ನು ಬ್ಯಾಲೆನ್ಸಿಂಗ್ ಸರಿಪಡಿಸುವುದಿಲ್ಲ, ಮೊದಲು ಕಡ್ಡಿ ಎಳೆಸಬೇಕು.

12. ಹತ್ತು ರೂಪಾಯಿ ನಾಣ್ಯದಿಂದ ತೂಗಿ

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಚಕ್ರವನ್ನು ಮೆಲ್ಲಗೆ ತಿರುಗಿಸಿ ಕೈಬಿಡಿ. ಅತ್ತಿತ್ತ ತೂಗಾಡಿ ಒಂದೆಡೆ ನಿಲ್ಲುತ್ತದೆ. ಕೆಳಗೆ ಬಂದದ್ದು ಭಾರದ ಬದಿ. ನೇರ ಮೇಲಿನ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಮತ್ತೆ ತಿರುಗಿಸಿ; ಅದೇ ಗುರುತು ಮತ್ತೆ ಮೇಲೆ ಬಂದರೆ ನಂಬಿ.

ಈಗ ಆ ಗುರುತಿನ ಬಳಿ, ರಿಮ್ಮಿನ ಮೇಲೆ, ಒಂದು ಹತ್ತು ರೂಪಾಯಿ ನಾಣ್ಯವನ್ನು ಟೇಪಿನಿಂದ ಅಂಟಿಸಿ. ಚಲಾವಣೆಯಲ್ಲಿರುವ ಹತ್ತರ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ, ಹಾಗಾಗಿ ಲೆಕ್ಕ ಸುಲಭ. ಗುರುತು ಇನ್ನೂ ಮೇಲಕ್ಕೇ ಬರುತ್ತಿದ್ದರೆ ಮತ್ತೊಂದು. ಕೆಳಕ್ಕೆ ಇಳಿಯತೊಡಗಿದರೆ ಹೆಚ್ಚಾಯಿತು. ಕೊನೆಯ ಪರೀಕ್ಷೆ ಹೀಗೆ: ಗುರುತನ್ನು ಗಡಿಯಾರದ ಮೂರು ಗಂಟೆಯ ಜಾಗಕ್ಕೆ ತಂದು ಕೈಬಿಡಿ, ಆಮೇಲೆ ಆರಕ್ಕೆ, ಒಂಬತ್ತಕ್ಕೆ. ಬಿಟ್ಟಲ್ಲೇ ನಿಂತರೆ ಚಕ್ರ ಸಮವಾಯಿತು. ಈ ಕ್ಷಣಕ್ಕಾಗಿ ಮನೆಯವರನ್ನು ಕರೆದು ತೋರಿಸಿ. ಇಷ್ಟು ಭಾರದ ಚಕ್ರ ಬೆರಳು ಸೋಕಿದರೆ ತಿರುಗಿ, ಬಿಟ್ಟಲ್ಲಿ ನಿಲ್ಲುವುದು ನೋಡಲು ಬಹಳ ಚೆಂದ.

ನಾಣ್ಯ ತೆಗೆದು ಅಷ್ಟೇ ತೂಕದ ನಿಜವಾದ ತೂಕಗಳನ್ನು ಹಾಕಿ. ಅಲಾಯ್ ಚಕ್ರಕ್ಕೆ 5 ಮತ್ತು 10 ಗ್ರಾಮಿನ ಅಂಟಿಸುವ ಪಟ್ಟಿಗಳಿವೆ. ಅಂಟಿಸುವ ಜಾಗವನ್ನು ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸದಿದ್ದರೆ ಮೊದಲ ಮಳೆಗೆ ಉದುರುತ್ತವೆ. ಕಡ್ಡಿ ಚಕ್ರಕ್ಕೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಬೆಸುಗೆ ಹಾಕುವ ತಂತಿಯನ್ನು ಕಡ್ಡಿಯ ಬುಡಕ್ಕೆ, ರಿಮ್ಮಿಗೆ ಒತ್ತಿ, ಬಿಗಿಯಾಗಿ ಸುತ್ತಿ. ಅದರಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಮಕ್ಕಳ ಕೈಗೆ ಸಿಗದಂತಿಡಿ.

50 ಗ್ರಾಂ ದಾಟಿಯೂ ಸಮವಾಗದಿದ್ದರೆ ತೂಕ ಏರಿಸುತ್ತ ಹೋಗಬೇಡಿ. ಗಾಳಿ ಬಿಟ್ಟು, ಬೀಡ್ ಬಿಡಿಸಿ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಟೈರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರ ಬದಿಯ ಗುರುತು. ಏರಿಸುವಾಗಲೇ ಅದನ್ನು ವಾಲ್ವಿನ ಪಕ್ಕಕ್ಕೆ ತಂದುಕೊಂಡರೆ ಈ ಮರುಕೆಲಸ ಬಹುಪಾಲು ತಪ್ಪುತ್ತದೆ.

13. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಲೆಕ್ಕ ಹಾಕಿ ನೋಡಿ

18 ಇಂಚಿನ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಆ 20 ಗ್ರಾಂ ಚಕ್ರವನ್ನು ಸುಮಾರು ಎರಡೂವರೆ ಕೆಜಿ ಬಲದಿಂದ ಹೊರಕ್ಕೆ ಎಳೆಯುತ್ತದೆ, ಸೆಕೆಂಡಿಗೆ ಸುಮಾರು ಹನ್ನೆರಡು ಸುತ್ತಿನಂತೆ. ಹ್ಯಾಂಡಲಿನ ನಡುಕ, ಅಂಗೈಯ ಜೋಮು ಅದರದೇ. ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸಂಪಿಗೆ ರಸ್ತೆಯಿಂದ ಮಾರ್ಗೋಸಾ ರಸ್ತೆಗೆ ತರಕಾರಿ ತರಲು ಓಡುವ ಗಾಡಿಗೆ ಬ್ಯಾಲೆನ್ಸಿಂಗ್ ಇಲ್ಲದಿದ್ದರೂ ನಡೆದೀತು. ವಾರಾಂತ್ಯಕ್ಕೆ ನಂದಿಬೆಟ್ಟಕ್ಕೋ, ತುಮಕೂರು ರಸ್ತೆಯಲ್ಲಿ ಶಿವಗಂಗೆಗೋ ಹೊರಡುವವರು, ಕನಿಷ್ಠ ಮುಂದಿನ ಚಕ್ರಕ್ಕಾದರೂ ತಪ್ಪಿಸಬೇಡಿ. ಬೈಕಿನ ಚಕ್ರ ಕಿರಿದಾದ್ದರಿಂದ ಕಾರಿನ ಚಕ್ರಕ್ಕೆ ಬೇಕಾದ ವೇಗವಾಗಿ ತಿರುಗಿಸುವ ಯಂತ್ರ ಇಲ್ಲಿ ಬೇಕಿಲ್ಲ. ನಿಂತ ಚಕ್ರದ ಈ ತೂಗಾಟವೇ ಸಾಕು.

14. ಮೊದಲ ನೂರು ಕಿಲೋಮೀಟರ್ ಮೆತ್ತಗೆ

ಚಕ್ರ ಜೋಡಿಸುವಾಗ ಚೈನ್ ಅಡ್ಜಸ್ಟರಿನ ಗೀಟು ಎರಡೂ ಕಡೆ ಒಂದೇ ಇರಲಿ. ಸ್ಪ್ಲಿಟ್ ಪಿನ್ ಹೊಸದು ಹಾಕಿ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ಡಿಸ್ಕ್ ಬ್ರೇಕಿನ ಲಿವರನ್ನು ಗಟ್ಟಿಯಾಗುವ ತನಕ ಒತ್ತಿದ ಮೇಲೆಯೇ ಗಾಡಿ ಗೇಟು ದಾಟಲಿ. ಹೊಸ ಟೈರಿನ ಮೈ ಮೇಲೆ ಅಚ್ಚಿನಿಂದ ಬಂದ ಜಾರುವ ಪದರ ಇರುತ್ತದೆ. ಅದು ಸವೆಯುವವರೆಗೆ ತಿರುವುಗಳಲ್ಲಿ ವಾಲಿಸುವುದು, ಜೋರಾಗಿ ಬ್ರೇಕ್ ಹಿಡಿಯುವುದು ಬೇಡ. ಮಾರನೇ ದಿನ ಬೆಳಗ್ಗೆ, ಗಾಡಿ ತಣ್ಣಗಿರುವಾಗ ಗಾಳಿ ನೋಡಿ, ಆಕ್ಸಲ್ ನಟ್ಟಿಗೆ ಮತ್ತೊಮ್ಮೆ ಪಾನ ಹಾಕಿ ನೋಡಿ.

15. ಹಳೆ ಟೈರನ್ನು ತಾರಸಿಗೆ ಸೇರಿಸಬೇಡಿ

ಮುಂದೆ ಯಾವುದಕ್ಕಾದರೂ ಬಂದೀತು ಎಂದು ಮೂಲೆಗೆ ಒರಗಿಸಿಟ್ಟ ಟೈರಿನೊಳಗೆ ಒಂದು ಮಳೆಗೆ ನೀರು ನಿಲ್ಲುತ್ತದೆ. ಹೇಗೆ ತಿರುಗಿಸಿಟ್ಟರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಇದಕ್ಕಿಂತ ಪ್ರಶಸ್ತ ಜಾಗ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಅಧಿಸೂಚನೆ ಹೊರಡಿಸಿತು. ಚಳಿಗಾಲದಲ್ಲಿ ಬೀದಿಬದಿ ಟೈರು ಸುಡುವುದೂ ಅಷ್ಟೇ ಕೆಟ್ಟದ್ದು, ಆ ಕಪ್ಪು ಹೊಗೆ ಪಕ್ಕದ ಮನೆಯ ಮಗುವಿನ ಎದೆಗೆ ಹೋಗುತ್ತದೆ. ಹೊಸ ಟೈರ್ ಕೊಳ್ಳುವಾಗಲೇ ಅಂಗಡಿಯವರನ್ನು ‘ಹಳೇದು ವಾಪಸ್ ತಗೋತೀರಾ?’ ಎಂದು ಕೇಳಿ. ಅವರು ಒಲ್ಲೆ ಎಂದರೆ ಪಂಕ್ಚರ್ ಅಂಗಡಿಗೋ ಗುಜರಿಯವರಿಗೋ ಅದೇ ವಾರ ಕೊಟ್ಟುಬಿಡಿ. ಮಕ್ಕಳಿಗೆ ಉಯ್ಯಾಲೆ ಕಟ್ಟುವುದಿದ್ದರೆ ಕಟ್ಟಿ, ಆದರೆ ನೀರು ಇಳಿದುಹೋಗುವಂತೆ ಟೈರಿನ ಕೆಳಭಾಗದಲ್ಲಿ ದೊಡ್ಡ ತೂತುಗಳನ್ನು ಕೊರೆದಿಡಿ.